ಮಡಿಕೇರಿಯ ಕೇರಿಗಳು

ಕೇರಿ ಎಂಬುದು ಅಚ್ಚಗನ್ನಡದ ಮಾತು. ಬೀದಿ, ಓಣಿ, ಒಂದೇ ಕಸುಬಿನವರೋ ಒಂದೇ ಬಳಗದವರೋ ಕೂಡಿಕೊಂಡಿರುವ ಹತ್ತು ಮನೆ, ಇವೆಲ್ಲವೂ ಆ ಎರಡಕ್ಷರದಲ್ಲಿ ಅಡಗಿವೆ. ನಾನು ಪಾಠ ಹೇಳುವ ಊರು ನೆಲ್ಯಹುದಿಕೇರಿ. ಕಾವೇರಿಯ ಈಚೆ ದಡದಲ್ಲಿ ನಾವು. ಸೇತುವೆ ದಾಟಿದರೆ ಸಿದ್ದಾಪುರ. ದಕ್ಷಿಣ ಕೊಡಗಿನಲ್ಲಿ ಬರಿಯ ಹುದಿಕೇರಿಯೊಂದಿದೆ. ಇನ್ನು ಜಿಲ್ಲೆಗೆಲ್ಲ ತಲೆಯಾದ ಪಟ್ಟಣವೂ ಕೇರಿಯೇ. ಹಾಲೇರಿ ಮನೆತನದ ಮುದ್ದುರಾಜನು 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ತಂದನು. ಅವನ ಹೆಸರಿನ ಮುದ್ದುರಾಜಕೇರಿಯೇ ಜನರ ನಾಲಗೆಯಲ್ಲಿ ಸವೆದು ಮಡಿಕೇರಿಯಾಯಿತೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಟಿಪ್ಪು ಸುಲ್ತಾನನು ಇಲ್ಲಿನ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದನು. ಆಮೇಲೆ ಬಂದ ಇಂಗ್ಲಿಷರು ಮರ್ಕೆರಾ ಎಂದರು. ಆ ಎರಡು ಹೆಸರೂ ಹೋದವು. ಅರಮನೆಯಿದ್ದ ಊರಾದರೂ ಇದು ಪುರವೆನಿಸಲಿಲ್ಲ, ನಗರವೆನಿಸಲಿಲ್ಲ, ದುರ್ಗವೆನಿಸಲಿಲ್ಲ, ಕೇರಿಯಾಗಿಯೇ ಉಳಿಯಿತು.

ನಮ್ಮ ಹಳೆಯ ಕವಿಗಳಿಗೆ ಹದಿನೆಂಟು ವರ್ಣನೆಗಳಲ್ಲಿ ಪುರವರ್ಣನೆಯೂ ಒಂದು. ಅವರು ಮೊದಲು ಕೋಟೆಯನ್ನೂ ಅಗಳನ್ನೂ ವರ್ಣಿಸಿ, ಉಪವನದಲ್ಲಿ ಸ್ವಲ್ಪ ಹೊತ್ತು ತಂಗಿ, ಅಲ್ಲಿಗೆ ನಿಲ್ಲದೆ ಅಂಗಡಿಬೀದಿಗೂ ಕೇರಿಗಳಿಗೂ ಇಳಿಯುತ್ತಾರೆ. ಹೂವಾಡಿಗರು ಯಾರು, ಸೆಟ್ಟಿಗಳ ಮಾತು ಹೇಗೆ ಎಂಬುದೆಲ್ಲ ಅಲ್ಲಿ ಬರುತ್ತದೆ. ಇಂದು ಮಡಿಕೇರಿಗೆ ಬರುವ ಪ್ರವಾಸಿಗರು ಮಾತ್ರ ಕೋಟೆ ಮತ್ತು ಉಪವನಗಳಲ್ಲಿಯೇ ವರ್ಣನೆಯನ್ನು ಮುಗಿಸಿಬಿಡುತ್ತಾರೆ. ಶನಿವಾರ ಬೆಳಗ್ಗೆ ಬೆಂಗಳೂರಿನಿಂದ ಹೊರಟ ಕಾರು ಮಧ್ಯಾಹ್ನಕ್ಕೆ ಕೋಟೆಯ ಮುಂದೆ ನಿಲ್ಲುತ್ತದೆ. ಸಂಜೆ ರಾಜಾಸೀಟಿನಲ್ಲಿ ಸೂರ್ಯಾಸ್ತ. ಮರುದಿನ ಅಬ್ಬಿ ಜಲಪಾತ. ಅಲ್ಲಿಗೆ ಮಡಿಕೇರಿ ಮುಗಿಯಿತು. ಈ ‘ಅಬ್ಬಿ ಜಲಪಾತ’ವೆಂಬ ಮಾತನ್ನು ಕೇಳಿದಾಗಲೆಲ್ಲ ಪಂಡಿತಪರೀಕ್ಷೆಗೆ ಕುಳಿತವನ ಕಿವಿಗೆ ಕಿರಿಕಿರಿ. ಅಬ್ಬಿ ಎಂದರೇ ಜಲಪಾತ. ‘ಗೇಟು ಬಾಗಿಲು’ ಎಂದಂತಾಯಿತು. ಸಾಲದುದಕ್ಕೆ ಇಂಗ್ಲಿಷ್ ಬರಹದಲ್ಲಿ ಅದು ಕ್ರೈಸ್ತ ಸಂನ್ಯಾಸಿಗಳ ಮಠವೆಂಬ ಅರ್ಥದ ಪದವಾಗಿಬಿಟ್ಟಿದೆ. ಹೀಗಾಗಿ ಅಲ್ಲಿ ಮಠವನ್ನು ಹುಡುಕುವವರೂ ಇದ್ದಾರು!

ರಾಜಾಸೀಟಿನ ಸೊಬಗನ್ನು ನಾನು ಅಲ್ಲಗಳೆಯುವುದಿಲ್ಲ. ಪಶ್ಚಿಮದ ಕಣಿವೆಯಲ್ಲಿ ಮಂಜು ಏಳುವುದನ್ನು ಅಲ್ಲಿಂದ ಎಷ್ಟು ಸಲ ನೋಡಿದರೂ ಸಾಲದು. ಆದರೆ ಆ ಕಣಿವೆಗೆ ಚರಿತ್ರೆಯಿಲ್ಲ. ಚರಿತ್ರೆಯಿರುವುದು ಬೆನ್ನ ಹಿಂದೆ, ಇಳಿಜಾರಿನ ಓಣಿಗಳಲ್ಲಿ.

ಇದಕ್ಕೊಂದು ಕಾರಣವುಂಟು. ಕೊಡವರು ಮೂಲತಃ ಪೇಟೆಯ ಜನರಲ್ಲ. ಒಂದೊಂದು ಒಕ್ಕವೂ ತನ್ನ ಗದ್ದೆಬಯಲಿನ ಮೇಲುಗಡೆ, ತೋಟದ ನೆರಳಿನಲ್ಲಿ, ಐನ್‌ಮನೆ ಕಟ್ಟಿಕೊಂಡು ಬಾಳಿತು. ಹೀಗೆ ಊರೆಂದರೆ ಚದರಿದ ಮನೆಗಳೇ ಆಗಿದ್ದ ನಾಡಿನಲ್ಲಿ ಅರಸರಿಗೆ ಪೇಟೆ ಬೇಕಾಯಿತು. ದವಸ ಕೊಳ್ಳುವವರು, ಬಟ್ಟೆ ಮಾರುವವರು, ಕಬ್ಬಿಣ ಕಾಯಿಸುವವರು, ಓಲೆ ಬರೆಯುವವರು, ದಂಡಿನವರು, ಇವರನ್ನೆಲ್ಲ ಹೊರಗಿನಿಂದ ಕರೆತಂದು ನೆಲೆ ಕೊಡಬೇಕಾಯಿತು. ದೊಡ್ಡವೀರರಾಜೇಂದ್ರನು 1792ರಲ್ಲಿ ವೀರರಾಜಪೇಟೆಯನ್ನು ಕಟ್ಟಿಸಿದ್ದು ಈ ಬಗೆಯದು. ಮಡಿಕೇರಿಯಲ್ಲಿ ಕೋಟೆಯಿಂದಾಚೆ ಬೆಳೆದ ಪೇಟೆಗೆ ಅವನ ಪಟ್ಟದರಾಣಿ ಮಹದೇವಮ್ಮಾಜಿಯ ಹೆಸರು ಬಂದಿತು. ಅದೇ ಇಂದಿನ ಮಹದೇವಪೇಟೆ. ಕೊಡವ ನಾಡಿನ ರಾಜಧಾನಿಯ ಪೇಟೆಯಲ್ಲಿ ಕನ್ನಡ ಮಾತು ಇಷ್ಟು ಬಲವಾಗಿ ಕೇಳಿಸುವುದೇಕೆಂದು ಹೊರಗಿನವರು ಆಶ್ಚರ್ಯಪಡುವುದುಂಟು. ಅರಸರು ಲಿಂಗಾಯತರು, ಅವರ ಆಸ್ಥಾನದ ಭಾಷೆ ಕನ್ನಡ, ಅವರ ವಂಶಚರಿತ್ರೆಯಾದ ‘ರಾಜೇಂದ್ರನಾಮೆ’ಯೂ ಕನ್ನಡ ಗದ್ಯದಲ್ಲಿಯೇ ಹುಟ್ಟಿದ್ದು. ಅದನ್ನು ಬರೆಯಿಸಿದವನು ಇದೇ ದೊಡ್ಡವೀರರಾಜೇಂದ್ರ. 1808ರ ಹೊತ್ತಿಗೆ ಅದು ಇಂಗ್ಲಿಷಿಗೂ ಹೋಯಿತು.

ಮಹದೇವಪೇಟೆಯನ್ನು ನಡೆದೇ ನೋಡಬೇಕು. ಇಳಿಜಾರಾದ ಒಂದೇ ಉದ್ದ ಬೀದಿ. ಎಡಬಲದಲ್ಲಿ ಬಟ್ಟೆಯಂಗಡಿ, ಪಾತ್ರೆಯಂಗಡಿ, ಕಾಳುಮೆಣಸು ಏಲಕ್ಕಿಗಳ ವ್ಯಾಪಾರ. ನಡುನಡುವೆ ಬಾಗಿಲು ತಗ್ಗಾದ, ಹಂಚು ಕಪ್ಪಾದ ಹಳೆಯ ಮನೆ. ಮಳೆಗಾಲದಲ್ಲಿ ಸೂರಿನ ನೀರು ತಲೆಯ ಮೇಲೆಯೇ ಬೀಳುತ್ತದೆ. ಅಬ್ಬಿಗೆ ಹೋಗುವ ಕಾರುಗಳೆಲ್ಲ ಈ ಬೀದಿಯಲ್ಲಿಯೇ ಹಾರನ್ ಮಾಡುತ್ತ ಇಳಿಯುತ್ತವೆ. ಪೇಟೆ ಮುಗಿಯುವೆಡೆ ದಿಬ್ಬದ ಮೇಲೆ ಮೂರು ಗುಮ್ಮಟಗಳು ಕಾಣಿಸಿದರೂ ಅವುಗಳಲ್ಲಿ ನಿಲ್ಲುವವು ಬಹಳ ಕಡಿಮೆ.

ಆ ಗುಮ್ಮಟಗಳಿರುವ ಜಾಗವೇ ಗದ್ದಿಗೆ. ಈ ಪದದ ಮೇಲೆ ಸ್ವಲ್ಪ ನಿಲ್ಲುತ್ತೇನೆ. ಅರಸನು ಏರುವ ಪೀಠವೂ ಗದ್ದಿಗೆಯೇ, ಅರಸನ ಸಮಾಧಿಯೂ ಗದ್ದಿಗೆಯೇ. ವೀರಶೈವರಲ್ಲಿ ಸತ್ತವರನ್ನು ಮಲಗಿಸದೆ ಕೂರಿಸಿ ಮಣ್ಣು ಕೊಡುವ ಪದ್ಧತಿ. ಆದುದರಿಂದ ಸಮಾಧಿಯು ಹಾಸಿಗೆಯಾಗದೆ ಆಸನವಾಯಿತು. ಇಲ್ಲಿ ನಡುವಿನ ದೊಡ್ಡ ಕಟ್ಟಡದಲ್ಲಿ ದೊಡ್ಡವೀರರಾಜೇಂದ್ರನೂ ಮಹದೇವಮ್ಮಾಜಿಯೂ ಇದ್ದಾರೆ. ಪಕ್ಕದ್ದು ಲಿಂಗರಾಜೇಂದ್ರನದು, ಅವನು 1820ರಲ್ಲಿ ತೀರಿಕೊಂಡಾಗ ಮಗನಾದ ಚಿಕ್ಕವೀರರಾಜೇಂದ್ರನು ಕಟ್ಟಿಸಿದ್ದು. ಮೂರನೆಯದು ರಾಜಗುರು ರುದ್ರಪ್ಪನದು. ಒಳಗೆ ಶಿವಲಿಂಗ, ಹೊರಗೆ ಮೂಲೆಮೂಲೆಗೂ ನಂದಿ. ನೋಟಕ್ಕೆ ಮಾತ್ರ ಗುಮ್ಮಟ, ಮಿನಾರು, ಕಮಾನು. ಶ್ರೀರಂಗಪಟ್ಟಣದ ಗುಂಬಜನ್ನು ನೋಡಿ ಬಂದವರಿಗೆ ಈ ಹೋಲಿಕೆ ತಟ್ಟನೆ ಹೊಳೆಯುತ್ತದೆ. ಟಿಪ್ಪುವಿನೊಡನೆ ಬಾಳಿನುದ್ದಕ್ಕೂ ಹೋರಾಡಿದ ಅರಸನು ಟಿಪ್ಪುವಿನ ನಾಡಿನ ಶಿಲ್ಪದ ರೀತಿಯಲ್ಲಿಯೇ ವಿಶ್ರಮಿಸಿದ್ದಾನೆ. ಹಗೆತನಕ್ಕೂ ಕಟ್ಟಡದ ಅಭಿರುಚಿಗೂ ಸಂಬಂಧವಿರಬೇಕಾಗಿಲ್ಲವೆಂದು ತೋರುತ್ತದೆ. ಆ ಯುದ್ಧಗಳಲ್ಲಿ ಅರಸನ ಪಕ್ಕದಲ್ಲಿ ನಿಂತ ಬಿದ್ದಂಡ ಬೋಪುವಿನ ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಇದೇ ಆವರಣದಲ್ಲಿ, ಗುಮ್ಮಟಗಳ ಅಬ್ಬರವಿಲ್ಲದೆ ಇವೆ.

ಗದ್ದಿಗೆಯಲ್ಲಿ ಇರುವವರ ಲೆಕ್ಕಕ್ಕಿಂತ ಇಲ್ಲದವರ ಲೆಕ್ಕ ನನ್ನನ್ನು ಹೆಚ್ಚು ಕಾಡುತ್ತದೆ. ಮಹದೇವಮ್ಮಾಜಿಯ ಮಗಳು ದೇವಮ್ಮಾಜಿ, ತಂದೆಯು 1809ರಲ್ಲಿ ತೀರಿಕೊಂಡ ಮೇಲೆ ಎಳೆಯ ವಯಸ್ಸಿನಲ್ಲಿಯೇ ಕೊಡಗಿನ ರಾಣಿಯಾದವಳು. ಎರಡು ವರ್ಷ ಕಳೆಯುವುದರೊಳಗೆ ಚಿಕ್ಕಪ್ಪ ಲಿಂಗರಾಜೇಂದ್ರನು ಪಟ್ಟವನ್ನು ತನ್ನದಾಗಿಸಿಕೊಂಡನು. ಅವಳ ಗದ್ದಿಗೆ ಈ ದಿಬ್ಬದಲ್ಲಿಲ್ಲ. ತಂದೆಗೆ ಗುಮ್ಮಟ ಕಟ್ಟಿಸಿದ ಚಿಕ್ಕವೀರರಾಜೇಂದ್ರನದೂ ಇಲ್ಲ. 1834ರ ಏಪ್ರಿಲಿನಲ್ಲಿ ಕಂಪೆನಿಯ ಸೇನೆ ಮಡಿಕೇರಿಯನ್ನು ಹಿಡಿಯಿತು. ಅರಸನನ್ನು ವೆಲ್ಲೂರಿಗೂ ಅಲ್ಲಿಂದ ಕಾಶಿಗೂ ಸಾಗಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದನು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಆ ಹುಡುಗಿಗೆ ಕ್ರೈಸ್ತದೀಕ್ಷೆ ಕೊಡಿಸಿದಳು, ತನ್ನ ಹೆಸರನ್ನೇ ಇಟ್ಟಳು. ಅರಸನು 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಮಗಳು 1864ರಲ್ಲಿ, ಅದೇ ಊರಿನಲ್ಲಿ. ಸಂಜೆ ಐದು ಗಂಟೆಯ ಹೊತ್ತಿಗೆ ಗದ್ದಿಗೆಯ ಹುಲ್ಲಿನ ಮೇಲೆ ಕುಳಿತರೆ ಪೇಟೆಯ ಹಂಚುಗಳ ಮೇಲೆ ಹೊಗೆ ಏಳುವುದು ಕಾಣಿಸುತ್ತದೆ. ರಾಜಾಸೀಟಿನ ನೋಟದಲ್ಲಿ ಮನುಷ್ಯರಿಲ್ಲ. ಇಲ್ಲಿನ ನೋಟದಲ್ಲಿ ಮನುಷ್ಯರೇ ಎಲ್ಲ. ನನಗೆ ಇದೇ ಹೆಚ್ಚು ಪ್ರಿಯ.

ಕೋಟೆಯ ವಿಷಯವನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಅದನ್ನು ಎಲ್ಲರೂ ನೋಡಿಯೇ ಇರುತ್ತಾರೆ. ಅರಮನೆಯನ್ನು 1812ರಿಂದ ಮುಂದಕ್ಕೆ ಲಿಂಗರಾಜೇಂದ್ರನು ಕಟ್ಟಿಸಿದನು. ಅಂಗಳದ ಕಲ್ಲಾಮೆ, ಮೂಲೆಯ ಎರಡು ಗಾರೆಯಾನೆಗಳು ಮಕ್ಕಳಿಗೆ ಇಷ್ಟ. 1850ರ ದಶಕದಲ್ಲಿ ಕೋಟೆಯೊಳಗಿನ ವೀರಭದ್ರನ ಗುಡಿಯನ್ನು ತೆಗೆದು ಇಂಗ್ಲಿಷರು ಸೇಂಟ್ ಮಾರ್ಕ್ಸ್ ಚರ್ಚನ್ನು ಕಟ್ಟಿದರು. ಅದೀಗ ಸರಕಾರದ ವಸ್ತುಸಂಗ್ರಹಾಲಯ. ಬಣ್ಣದ ಗಾಜಿನ ಕಿಟಕಿಯಡಿಯಲ್ಲಿ ಜಿನಬಿಂಬಗಳು ನಿಂತಿರುವುದು ಅಲ್ಲಿಯೇ. ಆದರೆ ಕೋಟೆಯ ಮುಂದೆ ಸುಮ್ಮನೆ ಫೋಟೋ ತೆಗೆಸಿಕೊಳ್ಳುವವರಿಗೆ ಒಂದು ದಿನಾಂಕವನ್ನು ನೆನಪಿಸಬೇಕು. ಅರಸನು ಹೋದ ಮೂರೇ ವರ್ಷಕ್ಕೆ, 1837ರಲ್ಲಿ, ಅಮರಸುಳ್ಯದ ರೈತರು ಎದ್ದರು. ಮಂಗಳೂರನ್ನೇ ಹಿಡಿದು ಹದಿಮೂರು ದಿನ ಆಳಿದರು. ಆ ದಂಗೆಯ ಮುಂದಾಳುಗಳಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಆ ವರ್ಷ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಈ ಕೋಟೆಯಲ್ಲಿ.

ಕೋಟೆಯಿಂದ ಇಳಿದು ತಗ್ಗಿಗೆ ಬಂದರೆ ಓಂಕಾರೇಶ್ವರ. ಇದೂ ಲಿಂಗರಾಜೇಂದ್ರನದೇ, 1820ರದು. ದೂರದಿಂದ ಮಸೀದಿಯೆಂದು ತೋರುತ್ತದೆ; ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಅರಸನು ಒಬ್ಬ ನಿರಪರಾಧಿ ಬ್ರಾಹ್ಮಣನನ್ನು ಕೊಲ್ಲಿಸಿದನಂತೆ, ಅವನು ಬ್ರಹ್ಮರಾಕ್ಷಸನಾಗಿ ಕಾಡಿದನಂತೆ, ಆಗ ಕಾಶಿಯಿಂದ ಲಿಂಗವನ್ನು ತರಿಸಿ ಪ್ರತಿಷ್ಠೆ ಮಾಡಿದನಂತೆ. ‘ಅಂತೆ’ಗಳನ್ನು ಚರಿತ್ರೆಯೆಂದು ಮಕ್ಕಳಿಗೆ ಹೇಳಲಾಗದು. ಆದರೂ ಈ ಕಥೆಯಲ್ಲಿ ಒಂದು ನಿಜವಿದೆ: ದೇವಾಲಯ ಕಟ್ಟಿಸಿದ ಪುಣ್ಯವನ್ನು ಒಪ್ಪಿಕೊಂಡ ಪ್ರಜೆಗಳು ಕೊಲ್ಲಿಸಿದ ಪಾಪವನ್ನು ಮರೆಯಲಿಲ್ಲ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಕೊಂಡು ಬಂದರು. ಗುಡಿಯ ಮುಂದಿನ ಕೊಳದ ಮೆಟ್ಟಿಲಿನಲ್ಲಿ ಕೂರಲು ಟಿಕೆಟ್ಟಿಲ್ಲ. ನೀರಿನ ನಡುವೆ ಪುಟ್ಟ ಮಂಟಪ, ಅದಕ್ಕೆ ಹೋಗುವ ಕಾಲುದಾರಿ, ಎರಡು ಕಡೆಯೂ ದಪ್ಪ ದಪ್ಪ ಮೀನು. ಮಂಜು ಇಳಿದ ಬೆಳಗಿನಲ್ಲಿ ಗುಮ್ಮಟವು ಮೇಲೆ ಮರೆಯಾಗಿ ನೀರಿನಲ್ಲಿ ಮಾತ್ರ ಕಾಣಿಸುವ ಗಳಿಗೆಯೊಂದುಂಟು. ಅದಕ್ಕಾಗಿ ಆರೂವರೆಗೇ ಹೋಗಬೇಕು, ಸ್ವೆಟರ್ ಮರೆಯಬಾರದು.

ಇನ್ನು ಕೇರಿಗಳ ದೇವತೆಗಳು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಡಿಕೇರಿ ದಸರೆಯ ಕರಪತ್ರವನ್ನು ಹಿಡಿದು ಬಂದು, “ಸಾರ್, ದಂಡಿನ ಮಾರಿಯಮ್ಮ ಅಂತಿದೆಯಲ್ಲ, ಯಾವ ದಂಡು?” ಎಂದು ಕೇಳಿದಳು. ಆ ದಿನದ ವ್ಯಾಕರಣದ ಪಾಠ ಅಲ್ಲಿಗೇ ನಿಂತಿತು. ಮಡಿಕೇರಿಯಲ್ಲಿ ಕರಗ ಹೊರಡುವ ಶಕ್ತಿದೇವತೆಗಳು ನಾಲ್ವರು: ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ. ಹೆಸರುಗಳನ್ನು ಬಿಡಿಸಿ ಓದಿದರೆ ಹಳೆಯ ಊರಿನ ನಕ್ಷೆಯೇ ಬಿಚ್ಚಿಕೊಳ್ಳುತ್ತದೆ. ಮೊಟ್ಟೆಯೆಂದರೆ ಕೊಡಗಿನ ಮಾತಿನಲ್ಲಿ ದಿಬ್ಬ, ಒಬ್ಬಳು ದಿಬ್ಬದವಳು. ಒಬ್ಬಳು ಕೋಟೆಯವಳು. ಒಬ್ಬಳು ಸೈನಿಕರ ಬಿಡಾರದವಳು. ಕಂಚಿಯ ಹೆಸರು ಹೊತ್ತವಳಂತೂ ತಾನು ತಮಿಳು ನಾಡಿನ ಕಡೆಯಿಂದ ಬಂದವರ ಕುಲದೇವತೆಯೆಂದು ತಾನೇ ಹೇಳಿಕೊಳ್ಳುತ್ತಿದ್ದಾಳೆ. ಶಾಸನಗಳಲ್ಲಿ ಅರಸರ ಹೆಸರಿರುತ್ತದೆ. ಅರಸರು ಕರೆತಂದ ಜನರ ಹೆಸರು ಹೀಗೆ ಅವರ ದೇವತೆಯ ಹೆಸರಿನಲ್ಲಿ ಅಡಗಿ ಉಳಿಯುತ್ತದೆ.

ಅರಸರ ಕಾಲದಲ್ಲಿ ಊರಿಗೆ ಜಾಡ್ಯ ಬಂದು ಜನ ಸಾಯತೊಡಗಿದಾಗ ಈ ನಾಲ್ವರನ್ನೂ ಊರೊಳಗೆ ಮೆರೆಯಿಸುವ ಹರಕೆ ಹೊತ್ತರೆಂದು ಪ್ರತೀತಿ. ಮಹಾಲಯ ಅಮಾವಾಸ್ಯೆಯ ಮರುದಿನ ಪಂಪಿನಕೆರೆಯ ಬಳಿ ನಾಲ್ಕು ಕರಗಗಳನ್ನೂ ಹೂವಿನಿಂದ ಕಟ್ಟುತ್ತಾರೆ. ಅಲ್ಲಿಂದ ನವರಾತ್ರಿಯುದ್ದಕ್ಕೂ ಅವು ಕೇರಿ ಕೇರಿ ಸುತ್ತುತ್ತವೆ. ಹತ್ತನೆಯ ರಾತ್ರಿಯ ಹತ್ತು ಮಂಟಪಗಳ ಮೆರವಣಿಗೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಚಲಿಸುವ ರಾಕ್ಷಸರು, ಕಣ್ಣು ಕುಕ್ಕುವ ದೀಪ, ಕಿವಿ ಒಡೆಯುವ ಧ್ವನಿವರ್ಧಕ, ಬೆಳಗಿನ ಜಾವದ ತನಕ. ಮೈಸೂರಿನದು ಹಗಲಿನ ದಸರೆ, ನಮ್ಮದು ಇರುಳಿನದು. ಅದರ ಸಂಭ್ರಮ ಅದಕ್ಕಿರಲಿ. ನನ್ನನ್ನು ಕೇಳಿದರೆ ಬರಬೇಕಾದುದು ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ. ಆಗ ಹೊರಗಿನವರ ನೂಕುನುಗ್ಗಲಿಲ್ಲ. ಓಣಿಯ ಹೆಂಗಸರು ಅಂಗಳ ತೊಳೆದು ರಂಗೋಲಿಯಿಟ್ಟು ಕಾಯುತ್ತಿರುತ್ತಾರೆ. ದೂರದಲ್ಲಿ ವಾದ್ಯದ ಸದ್ದು. ಏರಿನ ತುದಿಯಲ್ಲಿ ಮೊದಲು ಹೂವಿನ ಗೋಪುರ ಕಾಣಿಸುತ್ತದೆ, ಆಮೇಲೆ ಹೊತ್ತವನ ಮುಖ. ಒಂದು ಮನೆಯ ಮುಂದೆ ಎರಡು ನಿಮಿಷ ನಿಂತು, ಆರತಿ ತೆಗೆದುಕೊಂಡು, ಕುಣಿಯುತ್ತ ಮುಂದಿನ ಮನೆಗೆ. ದೇವತೆಯು ಭಕ್ತರ ಮನೆಬಾಗಿಲಿಗೆ ಬರುವ ಆ ಹೊತ್ತಿನಲ್ಲಿ ಕೇರಿ ಎಂಬ ಪದದ ಅರ್ಥಕ್ಕೆ ನಿಘಂಟು ಬೇಕಾಗುವುದಿಲ್ಲ.

ಅರಸೊತ್ತಿಗೆ ಅಳಿದ ಮೇಲಿನ ಮಡಿಕೇರಿಯಲ್ಲಿಯೂ ನಿಂತು ನೋಡತಕ್ಕ ಮನೆಗಳಿವೆ. ಜನರಲ್ ತಿಮ್ಮಯ್ಯನವರು 1906ರಲ್ಲಿ ಹುಟ್ಟಿ ಬೆಳೆದ ‘ಸನ್ನಿ ಸೈಡ್’ ಬಹುಕಾಲ ವಾಹನಗಳ ನೋಂದಣಿಯ ಕಚೇರಿಯಾಗಿತ್ತು. ಲೈಸೆನ್ಸಿಗೆಂದು ಸಾಲಿನಲ್ಲಿ ನಿಂತವರಿಗೆ ಅದು ಯಾರ ಮನೆಯೆಂಬುದು ತಿಳಿದಿದ್ದರೆ ಹೆಚ್ಚು. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಕನ್ನಡಿಗರಾದವರು ಸೆಂಟ್ರಲ್ ಹೈಸ್ಕೂಲನ್ನೂ ಹೊರಗಿನಿಂದಲಾದರೂ ನೋಡಿ ಹೋಗಬೇಕು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಓದಿದ ಶಾಲೆಯೆಂದು ಎಲ್ಲರೂ ಹೇಳುತ್ತಾರೆ. ಪಂಜೆ ಮಂಗೇಶರಾಯರು ಅಲ್ಲಿ ಮುಖ್ಯೋಪಾಧ್ಯಾಯರಾಗಿದ್ದರೆಂಬುದನ್ನು ಹೇಳುವವರು ಕಡಿಮೆ. ಮಂಗಳೂರ ಕಡೆಯ ಈ ಮೇಷ್ಟ್ರು ಕೊಡಗನ್ನು ತಮ್ಮ ಊರೆಂದೇ ಬಗೆದು ‘ಹುತ್ತರಿ ಹಾಡು’ ಬರೆದರು. 1932ರಲ್ಲಿ ಡಿ. ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಸೇರಿದ್ದೂ ಈ ಮಡಿಕೇರಿಯಲ್ಲಿ. ಕೊಡಗು ಆಗ ಕನ್ನಡದ ಬೇರೆ ಸೀಮೆಗಳೊಡನೆ ಒಂದೇ ಆಡಳಿತದಲ್ಲಿರಲಿಲ್ಲ, ಆ ಕೂಡಿಕೆಗೆ 1956ರ ತನಕ ಕಾಯಬೇಕಾಯಿತು.

ಸ್ವಾತಂತ್ರ್ಯದ ಅನಂತರ ಊರು ಬೆಳೆಯಿತು, ಇಳಿಜಾರುಗಳನ್ನು ಕಡಿದು ಹೊಸ ಬಡಾವಣೆಗಳಾದವು. ಅವುಗಳಲ್ಲಿ ಯಾವುದನ್ನೂ ಕೇರಿಯೆಂದು ಕರೆಯಲಿಲ್ಲ, ಎಲ್ಲವೂ ನಗರಗಳು. ಇಂದಿರಾನಗರ, ಚಾಮುಂಡೇಶ್ವರಿನಗರ, ಮಂಗಳಾದೇವಿನಗರ ಎಂಬ ಹೆಸರುಗಳನ್ನು ಹೊರಗಿನ ಜನ ಮೊದಲು ಕೇಳಿದ್ದು 2018ರ ಆಗಸ್ಟಿನಲ್ಲಿ, ಗುಡ್ಡ ಜರಿದು ಮನೆಗಳು ಬಿದ್ದಾಗ. ಕೂಲಿಯವರು, ಆಟೋ ನಡೆಸುವವರು, ಹೋಟೆಲಿನಲ್ಲಿ ಲೋಟ ತೊಳೆಯುವವರು ಕಟ್ಟಿಕೊಂಡ ಮನೆಗಳವು. ಪ್ರವಾಸಿಗರಿಗೆ ಕಾಫಿ ಕೊಟ್ಟ ಕೈಗಳು ಎಲ್ಲಿಗೆ ಮಲಗಲು ಹೋಗುತ್ತವೆಂಬುದು ಆವರೆಗೆ ಯಾರಿಗೂ ಬೇಕಾಗಿರಲಿಲ್ಲ. ಮರುವರ್ಷ, 2019ರ ಆಗಸ್ಟಿನಲ್ಲಿ, ಕಾವೇರಿ ನಮ್ಮ ನೆಲ್ಯಹುದಿಕೇರಿಗೆ ನುಗ್ಗಿದಳು. ಹೊಳೆಯಂಚಿನ ಕುಂಬಾರಗುಂಡಿ, ಬೆಟ್ಟದಕಾಡುಗಳಲ್ಲಿ ಮನೆಗಳು ಕರಗಿದವು. ಅಲ್ಲಿನವರನ್ನು ಬೇರೆಡೆ ನೆಲೆಗೊಳಿಸುವ ಮಾತು ಬಂದಾಗ ನನಗೆ ಹೊಳೆದದ್ದು ಇದು: ಅರಮನೆ ಬಿದ್ದರೆ ಅದರ ಅಳತೆ ಸರಕಾರದ ಕಡತದಲ್ಲಿರುತ್ತದೆ, ಕುಂಬಾರಗುಂಡಿಯಲ್ಲಿ ಕುಂಬಾರರು ಎಂದಿದ್ದರು, ಮಣ್ಣನ್ನು ಎಲ್ಲಿಂದ ತರುತ್ತಿದ್ದರು ಎಂಬುದು ಅಲ್ಲಿನ ಅಜ್ಜಿಯರ ಬಾಯಲ್ಲಿ ಬಿಟ್ಟರೆ ಬೇರೆಲ್ಲಿಯೂ ಇಲ್ಲ. ಆ ವರ್ಷದಿಂದ ಎಂಟನೆಯ ತರಗತಿಯ ಮಕ್ಕಳಿಗೆ ರಜೆಯ ಕೆಲಸವಾಗಿ ತಮ್ಮ ತಮ್ಮ ಓಣಿಯ, ಕಟ್ಟೆಯ, ಕಡವಿನ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದು ತರಲು ಹೇಳುತ್ತಿದ್ದೇನೆ. ಕಾಗುಣಿತದ ತಪ್ಪುಗಳು ಬೇಕಾದಷ್ಟಿರುತ್ತವೆ. ತಿದ್ದುವಾಗ ಹೆಸರನ್ನು ಮಾತ್ರ ಅಜ್ಜಿ ಹೇಳಿದಂತೆಯೇ ಬಿಡುತ್ತೇನೆ.

ಮಡಿಕೇರಿಗೆ ಬರುವ ಮನಸ್ಸಿದ್ದವರಿಗೆ ಒಂದು ಸೂಚನೆ. ಶನಿವಾರ ಭಾನುವಾರಗಳನ್ನು ಬಿಟ್ಟು ಶುಕ್ರವಾರ ಬನ್ನಿ. ಅಂದು ಇಲ್ಲಿ ಸಂತೆ. ನಮ್ಮ ಕಡೆಯಿಂದ ಚೆಟ್ಟಳ್ಳಿಯ ಮೇಲೆ ಬರುವ ಬಸ್ಸಿನಲ್ಲಿ ಅರ್ಧ ಜನ ಸಂತೆಯ ಚೀಲದವರೇ. ಮಳೆಗಾಲದಲ್ಲಿಯಾದರೆ ಸುಲಿದ ಕಣಿಲೆ ಬರುತ್ತದೆ, ಬಾಟಲಿಗಳಲ್ಲಿ ಕಪ್ಪಗೆ ಮಂದವಾದ ಕಾಚಂಪುಳಿ ಸಿಕ್ಕುತ್ತದೆ. ಆಟಿ ತಿಂಗಳ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪಿನ ಕಟ್ಟುಗಳು ರಾಶಿ ಬೀಳುತ್ತವೆ. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆಂದು ನಂಬಿಕೆ. ಬೇಯಿಸಿದ ನೀರು ಕಡುನೇರಳೆಯಾಗುತ್ತದೆ. ಅದರಲ್ಲಿ ಅಕ್ಕಿ, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಮಾಡುತ್ತಾರೆ. ಮಾರುವ ಹೆಂಗಸನ್ನು ಎಷ್ಟು ಹೊತ್ತು ಕುದಿಸಬೇಕೆಂದು ಕೇಳಿದರೆ ಅವರು ಮೊದಲು ನಿಮ್ಮ ಮನೆಯಲ್ಲಿ ಎಷ್ಟು ಜನವೆಂದು ಕೇಳುತ್ತಾರೆ, ಆಮೇಲೆ ಕಟ್ಟನ್ನು ಆರಿಸಿ ಕೊಡುತ್ತಾರೆ.